ಸೈಕಲ್ಲಿನ ಚಕ್ರಕ್ಕೆ ನಿಂಬೆಹಣ್ಣು

ಇಟಲಿ ಪ್ರವಾಸದ ಪಟ್ಟಿಯಲ್ಲಿ ಕ್ಷಮಾ ‘ಎ’ ಗುಂಪಿನಲ್ಲಿದ್ದಳು, ಅವಳ ಗಂಡ ಬದರೀನಾಥ ‘ಬಿ’ ಗುಂಪಿನಲ್ಲಿದ್ದ. ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಸೆಪ್ಟೆಂಬರ್‌ನಲ್ಲಿ ಉತ್ತರ ಇಟಲಿಯ ಬಯಲಿನಲ್ಲಿ ಆರು ದಿನ ಸೈಕಲ್ ಸವಾರಿ. ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳ ನಡುವೆ ಕಾಲುವೆಗಳು. ಕಾಲುವೆಯ ದಂಡೆಯ ಮೇಲೆ ಜಲ್ಲಿ ಹಾಸಿದ ದಾರಿ. ಏರಿಲ್ಲ, ಇಳಿಜಾರಿಲ್ಲ, ದೋಸೆ ಕಾವಲಿಯಂತೆ ಮಟ್ಟಸ. ಅದನ್ನು ಓದಿಯೇ ಬದರೀನಾಥ ಒಪ್ಪಿದ್ದು. ಆದರೆ ಪ್ರವಾಸ ನಡೆಸುವ ಲೂಕಾ ಎಂಬಾತ ಕಳಿಸಿದ ಫಾರಂನಲ್ಲಿ ವಾರಕ್ಕೆ ಎಷ್ಟು ಮೈಲಿ ಸೈಕಲ್ ತುಳಿಯುತ್ತೀರಿ ಎಂಬ ಪ್ರಶ್ನೆಯಿತ್ತು. ಕ್ಷಮಾ ಅರವತ್ತು ಎಂದು ಬರೆದಳು. ಬದರೀನಾಥ ಸೊನ್ನೆ ಎಂದು ಬರೆದ. ಔಷಧಿ ಕಂಪನಿಯಲ್ಲಿ ಅಂಕಿಅಂಶ ನೋಡುವ ಕೆಲಸ ಅವನದು. ಜೀವಮಾನದಲ್ಲಿ ಒಂದು ಸುಳ್ಳು ಅಂಕಿ ಬರೆದವನಲ್ಲ. ಲೂಕಾ ಅವಳನ್ನು ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡುವ ‘ಎ’ ಗುಂಪಿಗೆ ಹಾಕಿದ, ಇವನನ್ನು ಮೂವತ್ತು ಕಿಲೋಮೀಟರ್ ಉರುಳುವ ‘ಬಿ’ ಗುಂಪಿಗೆ ಹಾಕಿದ. ‘ಎ’ ಬೆಳಿಗ್ಗೆ ಆರೂವರೆಗೆ ಹೊರಡುತ್ತದೆ, ‘ಬಿ’ ಒಂಬತ್ತಕ್ಕೆ. ದಾರಿಯೂ ಬೇರೆ.

ಬೇರೆ ಯಾರಾದರೂ ಆಗಿದ್ದರೆ ಸಂಜೆ ಊಟಕ್ಕೆ ಸಿಗೋಣ ಎಂದು ಸುಮ್ಮನಾಗುತ್ತಿದ್ದರು. ಬದರೀನಾಥನಿಗೆ ಹಾಗೆ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಅವರು ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಮನೆಗೆ ಬಂದು ಇಪ್ಪತ್ತಾರು ವರ್ಷ. ಅವನ ಆಫೀಸು ದಕ್ಷಿಣಕ್ಕೆ, ಕ್ರ್ಯಾನ್‌ಬರಿಯಲ್ಲಿ. ಅವಳದು ಉತ್ತರಕ್ಕೆ, ಬಾಸ್ಕಿಂಗ್ ರಿಡ್ಜ್‌ನಲ್ಲಿ. ದಿನಾ ಬೆಳಿಗ್ಗೆ ಒಂದೇ ಡ್ರೈವ್‌ವೇಯಿಂದ ಎರಡು ಕಾರು ಇಳಿಯುತ್ತಿದ್ದವು; ಒಂದು ಎಡಕ್ಕೆ ತಿರುಗುತ್ತಿತ್ತು, ಇನ್ನೊಂದು ಬಲಕ್ಕೆ. ಹೆಂಡತಿಯ ಮುಖಕ್ಕಿಂತ ಅವಳ ಕಾರಿನ ಹಿಂದಿನ ಕೆಂಪು ದೀಪಗಳನ್ನೇ ತಾನು ಹೆಚ್ಚು ನೋಡಿದ್ದೇನೆ ಎಂದು ಅವನಿಗೆ ಈಚೆಗೆ ಅನ್ನಿಸತೊಡಗಿತ್ತು. ಒಂದೇ ಒಂದು ವಾರ ಇಬ್ಬರೂ ಒಂದೇ ದಾರಿಯಲ್ಲಿ, ಒಂದೇ ದಿಕ್ಕಿಗೆ ಹೋಗಬೇಕು. ಇಟಲಿಯಿಂದ ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಕ್ಷಮಾಗೆ ಹೇಳದೆ ಅವನು ಲೂಕಾಗೆ ಬರೆದ. ಲೂಕಾ ಒಳ್ಳೆಯವನು, ಆದರೆ ಶಿಸ್ತಿನವನು. ‘ಜಲ್ಲಿ ದಾರಿಯಲ್ಲಿ ನಲವತ್ತು ಕಿಲೋಮೀಟರನ್ನು ಎರಡು ಗಂಟೆಯೊಳಗೆ ಮುಗಿಸಿ ತೋರಿಸಿ. ನಮ್ಮ ಆ್ಯಪ್ ಆನ್ ಮಾಡಿ ಫೋನನ್ನು ಜೊತೆಗಿಟ್ಟುಕೊಂಡರೆ ಸಾಕು, ಲೆಕ್ಕ ತಾನಾಗಿ ನಮಗೆ ಬರುತ್ತದೆ. ನಡುವೆ ನಿಂತ ಹೊತ್ತನ್ನು ಅದು ಎಣಿಸುವುದಿಲ್ಲ. ಜೂನ್ ಎರಡನೇ ಶನಿವಾರ ಕಡೆಯ ದಿನ’ ಎಂದು ಉತ್ತರಿಸಿದ.

ಬದರೀನಾಥ ಗುಟ್ಟಾಗಿ ದಪ್ಪ ಟೈರಿನ ಸೈಕಲ್ಲೊಂದನ್ನು ಕೊಂಡು ಗರಾಜಿನಲ್ಲಿ ಹಿಮ ತೆಗೆಯುವ ಸ್ನೋ ಬ್ಲೋವರ್ ಹಿಂದೆ ಬಚ್ಚಿಟ್ಟ. ಮೂರು ವಾರ, ಕ್ಷಮಾ ಮನೆಗೆ ಬರುವುದರೊಳಗೆ, ಕ್ರ್ಯಾನ್‌ಬರಿಯ ವೇರ್‌ಹೌಸುಗಳ ಹಿಂದಿನ ರಸ್ತೆಯಲ್ಲಿ ತುಳಿದ. ಮೊಣಕಾಲು ಕಿರುಗುಟ್ಟಿತು, ಕೂರುವ ಜಾಗ ಉರಿಯಿತು. ಸಮಾಧಾನದ ಸಂಗತಿ ಒಂದೇ: ಮೂರು ವಾರವಾದರೂ ಟೈರಿನ ಗಾಳಿ ಒಂದಿಷ್ಟೂ ಇಳಿದಿರಲಿಲ್ಲ. ಒಳ್ಳೇ ಕಂಪನಿ ಮಾಲು ಎಂದು ಅವನು ತನ್ನ ಆಯ್ಕೆಗೆ ತಾನೇ ಬೆನ್ನು ತಟ್ಟಿಕೊಂಡ.

ಆ ಕಡೆಯ ಶನಿವಾರ ಕ್ಷಮಾ ಗೆಳತಿಯರ ಜೊತೆ ಫ್ಲಶಿಂಗ್ ದೇವಸ್ಥಾನಕ್ಕೆ ಹೊರಟಳು. "ಕ್ಯಾಂಟೀನಿಂದ ದೋಸೆ ತರ್ತೀನಿ ರೀ, ಮಧ್ಯಾಹ್ನ ಜಾಸ್ತಿ ತಿನ್ಬೇಡಿ" ಎಂದಳು. ಅವಳ ಕಾರು ಮರೆಯಾದ ಮರುಕ್ಷಣ ಬದರೀನಾಥ ಸೈಕಲ್ಲನ್ನು ಎಳೆದು ತನ್ನ ಕಾರಿನ ಡಿಕ್ಕಿಗೆ ತುರುಕಿದ. ಅರ್ಧ ಒಳಗೆ, ಅರ್ಧ ಹೊರಗೆ ಇರುವಾಗಲೇ ಬೇಲಿಯಾಚೆಯಿಂದ ದನಿ ಬಂತು.

"ಹೊಸಾದಾ ಬದರಿ? ಪೂಜೆ ಆಗಿದ್ಯಾ?"

ಪಕ್ಕದ ಮನೆಯ ಶಿವರಾಮ್. ವಯಸ್ಸು ಎಪ್ಪತ್ತೆರಡು, ರಿಟೈರ್ ಆಗಿ ಏಳು ವರ್ಷ. ಬೀದಿಯಲ್ಲಿ ಯಾರೇ ಹೊಸ ಗಾಡಿ ತಂದರೂ ಪೂಜೆಗೆ ಮುಂದೆ ನಿಲ್ಲುವವರು ಇವರೇ. ಇಡೀ ನ್ಯೂಜೆರ್ಸಿಯಲ್ಲಿ ಇವರಷ್ಟು ನಿಧಾನವಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಪರಿಚಯದವರಿರಬೇಕು ಎಂದು ಕೈಬೀಸುತ್ತಿದ್ದರು.

"ಸೈಕಲ್ಲಿಗೆಲ್ಲ ಪೂಜೆ ಬೇಡ ಸಾರ್" ಎಂದ ಬದರೀನಾಥ.

"ಚಕ್ರ ಇದೆ ತಾನೇ? ನಡೀರಿ, ನಾನೂ ಬಂದೆ." ಶಿವರಾಮ್ ಒಳಗೆ ಹೋಗಿ ಕುಂಕುಮ, ಊದಿನಕಡ್ಡಿ, ಎರಡು ನಿಂಬೆಹಣ್ಣು ಹಿಡಿದು ಬಂದು ತಮ್ಮ ಕಾರು ಹತ್ತಿದರು. ಗುಟ್ಟು ರಟ್ಟಾಗಬಾರದೆಂದು ಬದರೀನಾಥ ದಾರಿಯಲ್ಲಿ ಕಾರಿನಿಂದ ಕಾರಿಗೆ ಫೋನಿನಲ್ಲೇ ಎಲ್ಲವನ್ನೂ ಹೇಳಬೇಕಾಯಿತು. "ಯಾರ ಹತ್ರಾನೂ ಬಾಯಿ ಬಿಡಲ್ಲ. ನೀವು ‘ಎ’ ಗುಂಪಿಗೆ ಹೋಗೋದು ನನ್ನ ಜವಾಬ್ದಾರಿ" ಎಂದರು ಶಿವರಾಮ್. ಅವರ ಕಾರು ಹಿಂದಿನಿಂದ ಬಂದು ಸೇರುವ ಹೊತ್ತಿಗೆ ಬದರೀನಾಥ ಕಿಂಗ್‌ಸ್ಟನ್ನಿನ ಕಾಲುವೆ ದಂಡೆಯಲ್ಲಿ ಇಪ್ಪತ್ತು ನಿಮಿಷ ಕಾದಿದ್ದ.

ಒಂದು ಕಡೆ ಕಾಲುವೆ, ಇನ್ನೊಂದು ಕಡೆ ನದಿ. ನಡುವೆ ಜಲ್ಲಿಯ ಕಾಲುದಾರಿ. ಶಿವರಾಮ್ ಹ್ಯಾಂಡಲ್ಲಿಗೆ ಕುಂಕುಮವಿಟ್ಟು, ಹಿಂದೊಂದು ಮುಂದೊಂದು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. "ಫೋನ್ ಇಲ್ಲಿ ಕೊಡಿ, ವಿಡಿಯೋ ತೆಗೀತೀನಿ. ಹ್ಞೂಂ, ಹತ್ತಿ. ಎರಡೂ ಪಚಕ್ಕಂತ ಒಡೀಬೇಕು!"

ಬದರೀನಾಥ ಆ್ಯಪ್ ಆನ್ ಮಾಡಿ ಫೋನ್ ಕೊಟ್ಟು, ಹತ್ತಿ, ತುಳಿದ. ಕಾರಿನ ಕೆಳಗೆ ಒಡೆಯುವ ನಿಂಬೆಹಣ್ಣು ಸೈಕಲ್ಲಿನ ಕೆಳಗೆ ಒಡೆಯಲಿಲ್ಲ, ಉರುಳಿತು. ಮುಂದಿನ ಚಕ್ರ ಎಡಕ್ಕೆ ಹೋಯಿತು, ಬದರೀನಾಥ ಬಲಕ್ಕೆ ಹೋದ. ಕಾಲುವೆಗೆ ಬೀಳದಂತೆ ಒಂದು ಪೊದೆ ಅವನನ್ನು ಹಿಡಿದುಕೊಂಡಿತು. ಪೊದೆಯ ತುಂಬ ಮುಳ್ಳಿತ್ತು.

"ದೃಷ್ಟಿ ಹೋಯ್ತು ಬಿಡಿ" ಎಂದರು ಶಿವರಾಮ್. "ಇನ್ನೇನೂ ಆಗಲ್ಲ. ನಾನು ಆಚೆ ದಡದ ರೋಡಲ್ಲಿ ಕಾರಲ್ಲಿ ಜೊತೆಜೊತೆಗೇ ಬರ್ತಿರ್ತೀನಿ, ಧೈರ್ಯವಾಗಿ ಹೊಡೀರಿ."

ಮೊದಲ ನಾಲ್ಕು ಮೈಲಿ ಬದರೀನಾಥ ತನ್ನನ್ನೇ ನಂಬಲಾಗದಷ್ಟು ಚೆನ್ನಾಗಿ ತುಳಿದ. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಇಟಲಿಯೂ ಹೀಗೇ ಇರುತ್ತದೆ, ಮುಂದೆ ಕ್ಷಮಾಳ ಜಡೆ ಇರುತ್ತದೆ ಎಂದುಕೊಂಡ. ಗ್ರಿಗ್ಸ್‌ಟೌನಿನ ಸೇತುವೆಯನ್ನು ಹಾದು ಸ್ವಲ್ಪ ಮುಂದೆ ಬಂದಾಗ ದಾರಿಗೆ ಅಡ್ಡಲಾಗಿ ಬಾತುಗಳ ಸಂಸಾರವೊಂದು ಕೂತಿತ್ತು. ದೊಡ್ಡವು ನಾಲ್ಕು, ಮರಿಗಳು ಒಂದು ಡಜನ್. ಬೆಲ್ ಹೊಡೆದ. ಗಂಡುಬಾತು ಕತ್ತು ನೀಳ ಮಾಡಿ ಬುಸ್ಸೆಂದು ಹತ್ತಿರ ಬಂತು.

"ಬೆನ್ನು ತೋರಿಸ್ಬೇಡಿ ಬದರಿ! ಕಣ್ಣಲ್ಲಿ ಕಣ್ಣಿಟ್ಟೂ ನೋಡ್ಬೇಡಿ!" ಎಂದು ಕಾಲುವೆಯಾಚೆಯಿಂದ ಕೂಗು ಬಂತು. ಶಿವರಾಮ್ ಕಾರು ನಿಲ್ಲಿಸಿ ಕಿಟಕಿಯಿಂದ ಫೋನ್ ಹಿಡಿದು ವಿಡಿಯೋ ತೆಗೆಯುತ್ತಿದ್ದರು. ಬದರೀನಾಥ ಆ ಫೋನಿನ ನೀಲಿ ಕವರನ್ನು ನೋಡಿದ. ಬೆನ್ನಿನ ಜೇಬು ಮುಟ್ಟಿಕೊಂಡ. ಖಾಲಿ.

"ಸಾರ್! ಅದು ನನ್ ಫೋನು!"

"ಅಯ್ಯೋ ಹೌದಲ್ಲಾ!"

ನಡುವೆ ಇದ್ದದ್ದು ನಲವತ್ತು ಅಡಿ ನೀರು. "ಎಸೀಲಾ?" ಎಂದರು ಶಿವರಾಮ್. "ಬೇಡಾ!" ಎಂದು ಬದರೀನಾಥ ಕಿರುಚಿದ ರಭಸಕ್ಕೆ ಬಾತುಗಳೇ ಸ್ವಲ್ಪ ಸರಿದವು. "ಬ್ರಿಜ್ ಹತ್ರ ಕೊಡ್ತೀನಿ, ಬನ್ನಿ!" ಎಂದು ಕೂಗಿ ಶಿವರಾಮ್ ಹೊರಟೇಬಿಟ್ಟರು. ಯಾವ ಬ್ರಿಜ್ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ.

ಬದರೀನಾಥ ಮುಂದಿನ ಬ್ಲ್ಯಾಕ್‌ವೆಲ್ಸ್ ಮಿಲ್ಸ್ ಸೇತುವೆಯವರೆಗೆ ತುಳಿದು ಕಾದ. ಶಿವರಾಮ್ ಹಿಂದಿನ ಗ್ರಿಗ್ಸ್‌ಟೌನ್ ಸೇತುವೆಗೆ ಹೋಗಿ ಕಾದರು. ಇವನು ಅನುಮಾನ ಬಂದು ಹಿಂದಕ್ಕೆ ತಿರುಗಿದಾಗ ಅವರಿಗೂ ಅನುಮಾನ ಬಂದು ಮುಂದಕ್ಕೆ ಹೊರಟಿದ್ದರು. ನಡುವೆ ಮರಗಳ ಮರೆ. ಇವನು ಗ್ರಿಗ್ಸ್‌ಟೌನಿಗೆ ಬಂದರೆ ಅವರು ಬ್ಲ್ಯಾಕ್‌ವೆಲ್ಸ್ ಮಿಲ್ಸ್‌ನಲ್ಲಿ. ಇವನು ಮತ್ತೆ ಅಲ್ಲಿಗೆ ಹೋದರೆ ಅವರು ಕಿಂಗ್‌ಸ್ಟನ್ನಿನ ಕಡೆಗೆ. ಮೀನು ಹಿಡಿಯುತ್ತ ಕೂತಿದ್ದ ಒಬ್ಬ ಅಮೆರಿಕನ್ ಮುದುಕ ಬದರೀನಾಥ ನಾಲ್ಕನೇ ಸಲ ಹಾದುಹೋದಾಗ ತನ್ನ ನೀರಿನ ಬಾಟಲಿಯನ್ನೇ ಅವನಿಗೆ ಕೊಟ್ಟ.

ಕೊನೆಗೆ ಮೊಣಕಾಲು ಸಾಕೆಂದಿತು. ಉಳಿದ ದಾರಿಯನ್ನು ಅವನು ಸೈಕಲ್ ತಳ್ಳಿಕೊಂಡೇ ನಡೆದ. ಫೋನಿಲ್ಲ, ಲೆಕ್ಕವಿಲ್ಲ, ಇದ್ದಿದ್ದರೂ ಎರಡು ಗಂಟೆ ಎಂದೋ ದಾಟಿಹೋಗಿತ್ತು. ಅವನಿಗೆ ನಿಜವಾಗಿಯೂ ಅಳು ಬಂತು. ಐವತ್ತೇಳು ವರ್ಷದ ಗಂಡಸು ಹೆಲ್ಮೆಟ್ ಹಾಕಿಕೊಂಡು ಅಳುವುದನ್ನು ಯಾರಾದರೂ ನೋಡಿಯಾರೆಂದು ಕನ್ನಡಕ ಒರೆಸುವ ನಾಟಕ ಮಾಡಿದ.

ಮನೆಗೆ ಬರುವಷ್ಟರಲ್ಲಿ ಕ್ಷಮಾ ಅಡುಗೆಮನೆಯಲ್ಲಿ ದೋಸೆಯ ಪೊಟ್ಟಣ ಬಿಚ್ಚುತ್ತಿದ್ದಳು. ಗಂಡನ ಕೈತುಂಬ ಮುಳ್ಳು ಗೀರಿದ ಗೆರೆ, ಹಣೆಯಲ್ಲಿ ಹ್ಯಾಂಡಲ್ಲಿನ ಕುಂಕುಮ.

"ಬಿದ್ರಾ? ಕೂತ್ಕೊಳ್ಳಿ ಇಲ್ಲಿ" ಎಂದು ಅವಳು ಡೆಟಾಲ್ ತಂದಳು. "ಇವತ್ತು ಕಾಲುವೆಗೆ ಹೋಗಿದ್ರಾ? ದಿನಾ ಆಫೀಸ್ ಹಿಂದೇನೇ ಹೊಡೀತಿದ್ರಲ್ಲ, ಫೋನ್ ಮ್ಯಾಪಲ್ಲಿ ಕಾಣ್ತಿತ್ತು."

ಬದರೀನಾಥ ಗರಾಜಿನ ಕಡೆ ತಿರುಗಿ ನೋಡಿದ.

"ಮೂರು ವಾರದಿಂದ ಮನೆಯೆಲ್ಲ ಮೂವ್ ಮುಲಾಮಿನ ವಾಸನೆ, ನನಗೆ ಗೊತ್ತಾಗಲ್ವಾ? ಸ್ನೋ ಬ್ಲೋವರ್ ಹಿಂದೆ ಸೈಕಲ್ ಇಟ್ಟು ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದ್ದೀರಿ. ಟೈರಿಗೆ ಎರಡು ದಿನಕ್ಕೊಂದ್ಸಲ ಗಾಳಿ ಹಾಕ್ತಿದ್ದಿದ್ದು ಯಾರು ಅಂದ್ಕೊಂಡ್ರಿ?"

ಒಳ್ಳೇ ಕಂಪನಿ ಮಾಲು ಎದುರಿಗೇ ಕೂತು ಅವನ ಗಾಯ ಒರೆಸುತ್ತಿತ್ತು. ಬದರೀನಾಥ ಅವಳ ಕೈಯನ್ನೇ ನೋಡುತ್ತ ಕೂತ.

"‘ಬಿ’ ಗುಂಪಿಗೇ ಇಷ್ಟು ಒದ್ದಾಡ್ತಿದ್ದಾರಲ್ಲ, ಪಾಪ ಅನ್ನಿಸ್ತು" ಎಂದಳು ಕ್ಷಮಾ. "ಅದಕ್ಕೇ ನಿನ್ನೆ ಲೂಕಾಗೆ ಮೇಲ್ ಮಾಡ್ಬಿಟ್ಟೆ. ನಾನೂ ‘ಬಿ’ಗೆ ಬರ್ತೀನಿ ಅಂತ. ಒಂದು ಜಾಗ ಉಳಿದಿತ್ತಂತೆ, ಹಾಕಿದ್ದಾನೆ. ನನಗೇನು ಎಂಬತ್ತು ಕಿಲೋಮೀಟರ್ ಹೊಡೆದು ಮೆಡಲ್ ತಗೋಬೇಕಾ? ನಿಮ್ಮ ಜೊತೆ ಹೋಗೋಕೆ ಅಲ್ವಾ ಇಷ್ಟೆಲ್ಲ."

ಬದರೀನಾಥನಿಗೆ ಮುಳ್ಳು, ಬಾತು, ಮೊಣಕಾಲು ಎಲ್ಲ ಮರೆತುಹೋಯಿತು. ಪುಣ್ಯಕ್ಕೆ ಸೋತೆ, ಪುಣ್ಯಕ್ಕೆ ಫೋನ್ ಕಳಕೊಂಡೆ ಎಂದು ಒಳಗೊಳಗೇ ಕುಣಿದ. ಬೆಳಗಿನ ಕತೆಯನ್ನೆಲ್ಲ ಅವಳಿಗೆ ಹೇಳಿದ. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಇಬ್ಬರೂ ಒಂದೇ ತಟ್ಟೆಯಲ್ಲಿ ತಣ್ಣಗಾದ ದೋಸೆ ಮುರಿದರು.

ಆಗ ಯಾರೋ ಬಾಗಿಲು ಬಡಿದರು. ಶಿವರಾಮ್! ಒಂದು ಕೈಯಲ್ಲಿ ನೀಲಿ ಕವರಿನ ಫೋನು, ಮುಖದ ತುಂಬ ನಗು.

"ಅಲ್ಲಾ ಬದರಿ, ನಿಮ್ಮನ್ನ ಹುಡುಕ್ಕೊಂಡು ಆ ರೋಡಲ್ಲಿ ಎಷ್ಟು ಸಲ ಓಡಾಡ್ದೆ ಗೊತ್ತಾ? ಆದರೂ ಕೆಲಸ ಆಯ್ತು. ಅದೇನೋ ಮೆಸೇಜ್ ಬಂದಿದೆ, ಕಂಗ್ರಾಚುಲೇಷನ್ಸ್ ಅಂತ ಕಾಣಿಸ್ತು!"

ಬದರೀನಾಥ ತೆರೆದು ಓದಿದ. ನಲವತ್ತಾರು ಕಿಲೋಮೀಟರ್, ಗಂಟೆಗೆ ಸರಾಸರಿ ಇಪ್ಪತ್ನಾಲ್ಕು. ಮಾಮೂಲಿ ಮನುಷ್ಯರು ಓಡಿಸಿದ ಕಾರಾಗಿದ್ದರೆ ಲೂಕಾಗೆ ಸಂಶಯ ಬರುತ್ತಿತ್ತು. ಇದು ಶಿವರಾಮ್ ಓಡಿಸಿದ ಕಾರು. ಒಬ್ಬ ಪಳಗಿದ ಸೈಕಲ್ ಸವಾರನಿಗೆ ತಕ್ಕ ವೇಗ. ಲೂಕಾ ಬರೆದಿದ್ದ: ‘ನಿಮ್ಮ ವಯಸ್ಸಿಗೆ ಇದು ಅದ್ಭುತ! ನಿನ್ನೆಯಷ್ಟೇ ‘ಎ’ ಗುಂಪಿನಲ್ಲಿ ಒಂದು ಜಾಗ ಖಾಲಿಯಾಗಿತ್ತು, ಅದನ್ನು ನಿಮಗೇ ಕೊಟ್ಟಿದ್ದೇವೆ. ‘ಬಿ’ಯಲ್ಲಿದ್ದ ನಿಮ್ಮ ಜಾಗ ಕಾಯುತ್ತಿದ್ದ ಡೆನ್ಮಾರ್ಕಿನ ನಿವೃತ್ತ ಮೇಷ್ಟರೊಬ್ಬರಿಗೆ ಹೋಯಿತು. ಈಗ ಎರಡೂ ಗುಂಪು ಭರ್ತಿ.’

ಬದರೀನಾಥ ಫೋನನ್ನು ಕ್ಷಮಾಳ ಕಡೆ ತಿರುಗಿಸಿದ.

"ಅಂದ್ರೆ ನೀವು ಆರೂವರೆಗೆ, ನಾನು ಒಂಬತ್ತಕ್ಕೆ" ಎಂದಳು ಕ್ಷಮಾ ಮೆಲ್ಲಗೆ.

"ಇಪ್ಪತ್ತಾರು ವರ್ಷ ಇಲ್ಲಿ ಮಾಡಿದ್ದನ್ನೇ ಇಟಲಿಗೆ ಹೋಗಿಯೂ ಮಾಡ್ಬೇಕಲ್ಲ! ಅದೂ ಸುಳ್ಳು ಅಂಕಿ. ನಿಜ ಬರೆದು ಹೇಳ್ತೀನಿ ಕ್ಷಮಾ."

"ಹೇಳಿದ್ರೆ ‘ಎ’ನೂ ಇಲ್ಲ, ‘ಬಿ’ನೂ ಇಲ್ಲ. ಡೆನ್ಮಾರ್ಕ್ ಮೇಷ್ಟ್ರ ಜೊತೆ ನಾನು ಹೋಗ್ಬೇಕಾಗತ್ತೆ." ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಸೆಪ್ಟೆಂಬರ್‌ವರೆಗೂ ಟೈಮ್ ಇದೆ. ಅಷ್ಟರೊಳಗೆ ಆ ಅಂಕಿನ ನಿಜ ಮಾಡೋಣ. ನಾಳೆ ಆರು ಗಂಟೆಗೆ ಕಾಲುವೆ. ಪ್ರತಿ ಶನಿವಾರ, ಪ್ರತಿ ಭಾನುವಾರ. ನಾನೂ ಬರ್ತೀನಿ."

"ಒಂದೇ ಕಾರಲ್ಲಿ?"

"ಒಂದೇ ಕಾರಲ್ಲಿ."

ಇಟಲಿಯಿಂದ ಕೇಳಿದ್ದು ಕಿಂಗ್‌ಸ್ಟನ್ನಿನಲ್ಲೇ ಸಿಗುವುದಾದರೆ ಮೊಣಕಾಲು ಹೋದರೆ ಹೋಗಲಿ ಎಂದುಕೊಂಡ ಬದರೀನಾಥ.

ಬಾಗಿಲ ಬಳಿ ನಿಂತಿದ್ದ ಶಿವರಾಮ್ ಒಮ್ಮೆ ಕೆಮ್ಮಿದರು. ಆಮೇಲೆ ಜೇಬಿಗೆ ಕೈಹಾಕಿ ಬೆಳಿಗ್ಗೆ ಒಡೆಯದೆ ಉಳಿದಿದ್ದ ಎರಡು ನಿಂಬೆಹಣ್ಣನ್ನು ಹೊರತೆಗೆದರು.

"ಕ್ಷಮಾ ಸೈಕಲ್ಲಿಗೂ ಪೂಜೆ ಆಗಿಲ್ಲ ಅಲ್ವಾ? ಆರು ಗಂಟೆಗೆ ನಾನೂ ಬಂದೆ. ಫೋನ್ ಮಾತ್ರ ನನ್ ಕೈಗೆ ಕೊಡಿ."