ಹೂದಾನಿಯೊಳಗೆ ಕೈ

ಹರಾಜುಗಾರರು ಹೇಳಿದ್ದು ಒಂದೇ ಮಾತು: "ಒಳಗಿನ ಧೂಳು ಒರೆಸ್ಕೊಂಡು ತನ್ನಿ." ದರ್ಜಿ ಆ ಮಾತನ್ನು ಪಾಲಿಸಲು ಹೋದ. ಎಲ್ಲ ಶುರುವಾದದ್ದು ಅಲ್ಲಿಂದ.

ಅವನ ಹೊಲಿಗೆ ಮಿಷನ್ ಕೆಟ್ಟು ಕೂತಿತ್ತು. ರಿಪೇರಿಯವನು ನೋಡಿ, ಸತ್ತವರ ಮನೆಗೆ ಬಂದವನಂತೆ ಸುಮ್ಮನೆ ತಲೆಯಾಡಿಸಿ ಹೋಗಿದ್ದ. ಹೊಸದು ಕೊಳ್ಳದಿದ್ದರೆ ಅಂಗಡಿ ಮುಚ್ಚಬೇಕು. ಉಳಿದಿದ್ದ ದಾರಿಯೆಂದರೆ ಹೆಂಡತಿಯ ಅಜ್ಜಿ ಬಿಟ್ಟುಹೋದ ಚೀನಾದ ಪಿಂಗಾಣಿ ಹೂದಾನಿ. ಬಿಳಿಯ ಮೈ, ಅದರ ಮೇಲೆ ನೀಲಿ ಬಳ್ಳಿ, ಬಳ್ಳಿಯಲ್ಲೊಂದು ಗುಂಡು ಹಕ್ಕಿ. ಇಷ್ಟು ವರ್ಷ ಅದರಲ್ಲಿ ಮುರಿದ ಛತ್ರಿ ಇಟ್ಟಿದ್ದರು. ಇನ್ನೂರು ವರ್ಷ ಹಳೆಯದು ಎಂದು ಗೊತ್ತಾದ ಮೇಲೆ ಮನೆಯವರೆಲ್ಲ ಅದರ ಮುಂದೆ ಮೆತ್ತಗೆ ಓಡಾಡತೊಡಗಿದರು.

ಹರಾಜಿನ ಬೆಳಗ್ಗೆ ದರ್ಜಿ ಒದ್ದೆ ಬಟ್ಟೆ ಹಿಡಿದು ಅದರೊಳಗೆ ಕೈ ಹಾಕಿದ. ಕೈ ಅಳಿಯನಂತೆ ಸಲೀಸಾಗಿ ಒಳಗೆ ಹೋಯಿತು, ಅಳಿಯನಂತೆಯೇ ಹೊರಡಲು ಒಪ್ಪಲಿಲ್ಲ.

"ಏನ್ರೀ, ಅಷ್ಟು ಹೊತ್ತಿಂದ ಏನು ಹುಡುಕ್ತಿದ್ದೀರಿ?" ಎಂದಳು ಹೆಂಡತಿ.

"ಹುಡುಕ್ತಾ ಇಲ್ಲ ಕಣೇ, ಸಿಕ್ಕಾಕ್ಕೊಂಡಿದೀನಿ."

ಮೇಲಿನ ಮನೆ ಮೇಷ್ಟ್ರು ಸೋಪು ತಂದರು. ಪಕ್ಕದ ಮನೆಯ ದೊಡ್ಡಮ್ಮ ಎಣ್ಣೆ ತಂದರು. ಒಬ್ಬರು ಕೈ ಎಳೆದರು, ಇನ್ನೊಬ್ಬರು ಹೂದಾನಿ ಎಳೆದರು. ಮಣಿಕಟ್ಟು ಬದನೆಕಾಯಿಯಂತೆ ಊದಿಕೊಂಡಿತು. ಕೊನೆಗೆ ಎದುರುಮನೆ ಬಡಗಿ ಸುತ್ತಿಗೆ ಹಿಡಿದು ಬಂದ.

"ಒಂದೇ ಏಟು. ಕಣ್ಮುಚ್ಕೊಳ್ಳಿ."

ಹೆಂಡತಿ ಅಡ್ಡ ನಿಂತಳು. "ಹೂದಾನಿ ಮುಟ್ಟಿದ್ರೆ ನೋಡಿ! ಬೇಕಾದ್ರೆ ಕೈಗೆ ಹೊಡೀರಿ."

ಅವಳು ತಮಾಷೆ ಮಾಡುತ್ತಿದ್ದಾಳೋ ಇಲ್ಲವೋ ದರ್ಜಿಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯುವುದು ಬೇಡವೆಂದು ಹೂದಾನಿಯ ಮೇಲೊಂದು ಟವೆಲ್ ಹೊದಿಸಿಕೊಂಡು ಬಸ್ಸು ಹತ್ತಿದ. ಹೆಂಡತಿಯೂ ಹತ್ತಿದಳು.

"ಪಾಪ, ಕೈ ಮುರೀತಾ?" ಎಂದ ಕಂಡಕ್ಟರ್.

"ಇನ್ನೂ ಇಲ್ಲ," ಎಂದಳು ಹೆಂಡತಿ.

ಹರಾಜುಗಾರರು ಟವೆಲ್ ಎತ್ತಿ ನೋಡಿ ನಿಟ್ಟುಸಿರು ಬಿಟ್ಟರು. "ಕೈ ಸಮೇತ ತಂದಿದೀರಲ್ಲ! ಇರಲಿ, ಕೊಳ್ಳೋರು ದೂರದಿಂದ ಬಂದು ಕೂತಿದಾರೆ. ಮೊದಲು ಮಾರಾಟ ಆಗ್ಲಿ, ಕೈ ವಿಚಾರ ಆಮೇಲೆ." ದರ್ಜಿಯನ್ನು ವೇದಿಕೆಯ ಮೇಲೆ, ತಮ್ಮ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು.

ಆ ಹರಾಜಿನ ಹಾಲಿನಲ್ಲಿ ಕೂಗಾಟವಿಲ್ಲ. ಬೆಲೆ ಏರಿಸುವವರು ಕೈ ಎತ್ತುತ್ತಿದ್ದರು, ಅಷ್ಟೇ. ಕೋಟು ತೊಟ್ಟ ಯಜಮಾನರೊಬ್ಬರು ಎತ್ತಿದರು, ಕನ್ನಡಕದ ಹೆಂಗಸು ಎತ್ತಿದರು, ಮತ್ತೆ ಕೋಟಿನವರು. ಬೆಲೆ ಒಂದು ಮಿಷನ್ ದಾಟಿ, ಎರಡು ಮಿಷನ್ ದಾಟಿ, ಅಂಗಡಿಗೆ ಹೊಸ ಬಾಗಿಲು ಹಾಕಿಸುವಷ್ಟಾಯಿತು. ದರ್ಜಿ ನೆತ್ತಿಯಿಂದ ಪಾದದವರೆಗೆ ಬೆವೆತ. ಹೆಂಗಸು ಸೋತು ಕನ್ನಡಕ ತೆಗೆದರು.

"ಕೋಟಿನ ಯಜಮಾನರಿಗೆ... ಒಂದು ಸಲ! ಎರಡು ಸಲ!"

ಯಾರೂ ಎಳೆಯದೆ ಬಿಟ್ಟಿದ್ದಕ್ಕೆ ಊತ ಇಳಿದಿತ್ತೋ, ಬೆವರೇ ಎಣ್ಣೆಯಾಯಿತೋ, ಕೈ ಪುಳಕ್ಕನೆ ಹೊರಗೆ ಬಂತು.

"ಬಂತೂ!" ಎಂದು ದರ್ಜಿ ಕೈಯನ್ನು ತಲೆಯ ಮೇಲಕ್ಕೆ ಎತ್ತಿದ.

ಹರಾಜುಗಾರರು ಜೀವಮಾನವಿಡೀ ಕೈಗಳನ್ನು ನೋಡಿ ಪಳಗಿದವರು. ಅವು ಯಾರ ಕೈಗಳೆಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಬೆಲೆ ಏರಿಸಿ ಕೋಟಿನವರತ್ತ ತಿರುಗಿದರು. "ನಂಗೆ ಸಾಕಪ್ಪ," ಎಂದು ಅವರು ಎದ್ದು ಹೊರಟೇಹೋದರು. ದರ್ಜಿಯ ಹೆಸರಿಗೆ ಸುತ್ತಿಗೆ ಬಿತ್ತು.

"ಸ್ವಾಮೀ, ನಾನು ಕೊಂಡಿಲ್ಲ! ಕೈ ಬಿಡಿಸ್ಕೊಂಡೆ ಅಂತ ಎತ್ತಿದ್ದು!"

"ಯಾಕೆ ಎತ್ತಿದ್ರಿ ಅಂತ ಇಲ್ಲಿ ಯಾರನ್ನೂ ಕೇಳಲ್ಲ. ಹೂದಾನಿ ದುಡ್ಡು ನಿಮ್ಮಿಂದ ನಿಮಗೇ, ಅದು ಬಿಡಿ. ನಮಗೆ ಮಾರಿದವರ ಕಮಿಷನ್, ಕೊಂಡವರ ಕಮಿಷನ್ ಕೊಟ್ಬಿಡಿ ಸಾಕು."

"ಎರಡೂ ನಾನೇನಾ?"

"ಇನ್ಯಾರು ಮತ್ತೆ?"

ದರ್ಜಿ ಜೇಬು ತಡಕುವುದನ್ನು ಹರಾಜುಗಾರರು ಕನಿಕರದಿಂದ ನೋಡಿದರು. "ಇಲ್ದಿದ್ರೆ ಬೇಡ ಬಿಡಿ. ಹಾಲಿನ ಕಿಟಕಿಗೆಲ್ಲ ಪರದೆ ಹೊಲಿದುಕೊಡಿ, ಲೆಕ್ಕ ಚುಕ್ತಾ."

ದರ್ಜಿ ಸುತ್ತ ನೋಡಿದ. ಇಷ್ಟೊಂದು ಕಿಟಕಿಗಳಿರುವ ಹಾಲನ್ನು ಅವನು ಎಲ್ಲೂ ಕಂಡಿರಲಿಲ್ಲ.

"ಮಿಷನ್ ಇಲ್ದೆ ಹೇಗೆ ಹೊಲೀಲೇ ಇಷ್ಟೊಂದು?" ಎಂದು ಹೆಂಡತಿಯ ಕಡೆ ತಿರುಗಿದ.

ಅವಳು ಹೂದಾನಿಯನ್ನು ಮಗುವಿನಂತೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. "ಕೈಯಲ್ಲೇ ಹೊಲೀರಿ. ಕೈಯನ್ನೀಗ ಯಾರೂ ಹಿಡ್ಕೊಂಡಿಲ್ವಲ್ಲ."