ಕಪ್ಪಿನಲ್ಲಿ ಯಾರಿಗೆಷ್ಟು ಪಾಲು

ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತಂತೆ. ನಮ್ಮ ಕಾಲೇಜಿನಲ್ಲಿ ಇದು ವರ್ಷಕ್ಕೆ ಎರಡು ಸಲವಾದರೂ ನಡೆಯುತ್ತದೆ. ಸುಟ್ಟುಕೊಳ್ಳುವ ಮೊದಲು ಒಂದು ಸಮಿತಿ ಮಾಡುತ್ತಾರೆ, ನರಿಗೂ ನಮಗೂ ಅಷ್ಟೇ ವ್ಯತ್ಯಾಸ.

ಕುವೈತಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕ್ರೀಡಾ ವಿಭಾಗದ ಗುಮಾಸ್ತ. ಕಾರ್ಡಿನಲ್ಲಿ ಸಂಯೋಜಕ ಎಂದು ಅಚ್ಚಾಗಿದೆ. ವಿಭಾಗ ಎಂದರೆ ನಾನು, ಒಂದು ಮೇಜು, ಗಾಳಿ ಹೋದ ಹದಿನಾರು ಚೆಂಡು ಮತ್ತು ವಾಲಿಬಾಲ್ ಕೋಚ್. ಕೋಚ್ ದಕ್ಷಿಣ ಕನ್ನಡದ ಬ್ಯಾರಿ. ಹಗಲು ರಾಯ್ ಬಡಾವಣೆಯಲ್ಲಿ ಸ್ವಂತ ಟೈರ್ ಅಂಗಡಿ, ಸಂಜೆ ನಮ್ಮ ಹುಡುಗಿಯರ ತಂಡ. ಆರು ವರ್ಷದ ಹಿಂದೆ ಡೀನ್ ಯಾವುದೋ ಬಿರಿಯಾನಿಯ ಗುಂಗಿನಲ್ಲಿ, "ಕಪ್ ಗೆದ್ದರೆ ಅದು ನಿಮ್ಮ ಅಂಗಡಿಯಲ್ಲೇ ಇರಲಿ" ಎಂದುಬಿಟ್ಟರು. ಕೋಚ್ ಮರುದಿನವೇ ಗಾಜಿನ ಶೆಲ್ಫ್ ಮಾಡಿಸಿ ಒಳಗೆ ಟ್ಯೂಬ್‌ಲೈಟ್ ಹಾಕಿಸಿದರು. ಆ ಖಾಲಿ ಶೆಲ್ಫ್ ಆರು ವರ್ಷದಿಂದ ಝಗಝಗಿಸುತ್ತಿತ್ತು.

ಆದಾಯ ಎಲ್ಲಿದೆ?

ಡೀನ್ ಅಮೆರಿಕದಲ್ಲಿ ಓದಿದವರು. ಅಲ್ಲಿನ ಸುದ್ದಿಯನ್ನು ಬೆಳಗಿನ ಕಾಫಿಯ ಜೊತೆ ಕುಡಿಯುತ್ತಾರೆ. ಒಂದು ದಿನ ನನ್ನನ್ನೂ ಕೋಚನ್ನೂ ಕರೆಸಿದರು.

"ಅಮೆರಿಕದ ಕಾಲೇಜುಗಳು ಈಗ ಆಟಗಾರರಿಗೆ ನೇರವಾಗಿ ದುಡ್ಡು ಕೊಡುತ್ತಿವೆ. ಆಟದಿಂದ ಬಂದ ಆದಾಯದಲ್ಲಿ ಪಾಲು! ನಾವೂ ಕೊಡೋಣ."

"ಯಾವ ಆದಾಯ?" ಎಂದೆ.

ಡೀನ್ ಸಮಿತಿ ಮಾಡಿದರು. ಸಮಿತಿ ಎರಡು ತಿಂಗಳು ಆದಾಯವನ್ನು ಹುಡುಕಿತು. ಅಮೆರಿಕದಲ್ಲಿ ಕಾಲೇಜು ಪಂದ್ಯ ನೋಡಲು ಊರಿಗೆ ಊರೇ ಸೇರುತ್ತದಂತೆ, ಟೀವಿಯವರು ಸಾಲುಗಟ್ಟಿ ನಿಲ್ಲುತ್ತಾರಂತೆ. ನಮ್ಮ ಪಂದ್ಯಕ್ಕೆ ಬರುವವರು ನಾಲ್ಕು ಮಂದಿ ತಾಯಂದಿರು, ಇಬ್ಬರು ಸೆಕ್ಯೂರಿಟಿಯವರು, ಒಂದು ಬೆಕ್ಕು. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಆದಾಯ. ಕೋರ್ಟಿನ ಪಕ್ಕದಲ್ಲಿ ಒಂದು ದಂತ ಚಿಕಿತ್ಸಾಲಯದ ಬ್ಯಾನರ್ ಇತ್ತು. ಅವರೂ ದುಡ್ಡು ಕೊಟ್ಟಿರಲಿಲ್ಲ, ಕೂಪನ್ ಕೊಟ್ಟಿದ್ದರು.

ಹಾಗಾಗಿ ಮೊದಲ ಆದಾಯ ಹಂಚಿಕೆಯಲ್ಲಿ ತಂಡದ ಹನ್ನೆರಡು ಹುಡುಗಿಯರಿಗೂ ತಲಾ ಒಂದು ಸಲ ಹಲ್ಲು ಕ್ಲೀನಿಂಗ್ ಆಯಿತು. ಆ ಸೆಮಿಸ್ಟರ್ ಎಲ್ಲ ಪಂದ್ಯಗಳನ್ನೂ ಸೋತೆವು. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತು.

ಟಿಕೆಟ್ ಉಂಟಾ?

ಡೀನ್ ಬಿಡಲಿಲ್ಲ. ಎಲ್ಲಿಂದಲೋ ಒಬ್ಬ ಪ್ರಾಯೋಜಕರನ್ನು ಹಿಡಿದು ತಂದು, ಆಟಗಾರ್ತಿಯರಿಗೆ ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಘೋಷಿಸಿದರು. ಕರಾರು ಪತ್ರಕ್ಕೆ ಸಹಿ ಹಾಕಿಸಲು ತಂದೆ ತಾಯಂದಿರ ಸಭೆ ಕರೆದೆವು.

ನಮ್ಮ ತಂಡದಲ್ಲಿ ಹನ್ನೊಂದು ಮಂದಿ ಚೆಂಡನ್ನು ನೆಟ್ಟಿನಾಚೆ ಕಳಿಸುತ್ತಾರೆ, ಒಬ್ಬಳು ಹೊಡೆಯುತ್ತಾಳೆ. ಅವಳು ಹೊಡೆದರೆ ಎದುರಾಳಿಗಳು ಕಣ್ಣು ಮುಚ್ಚುತ್ತಾರೆ, ನಮ್ಮವರೂ ಮುಚ್ಚುತ್ತಾರೆ. ಕೋಚ್‌ನ ಶೆಲ್ಫಿಗೆ ಕಪ್ ಬರುವುದಿದ್ದರೆ ಅವಳ ಬಲಗೈಯಿಂದಲೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳ ತಾಯಿ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಕುವೈತಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ಗಲ್ಫಿನಲ್ಲಿ ಕರಾರು ಪತ್ರ ಓದಿ ಓದಿ ಪಳಗಿದವರು. ಕನ್ನಡಕ ಹಾಕಿಕೊಂಡು ಪೆನ್ಸಿಲ್ ತೆಗೆದರು.

"ಟಿಕೆಟ್ ಉಂಟಾ ಸರ್?"

"ಪಂದ್ಯಕ್ಕಾ? ಪಂದ್ಯಕ್ಕೆ ಟಿಕೆಟ್ ಇಲ್ಲ ಸಿಸ್ಟರ್, ಪುಕ್ಕಟೆ."

"ಪಂದ್ಯಕ್ಕಲ್ಲ. ವರ್ಷಕ್ಕೊಮ್ಮೆ ಊರಿಗೆ. ಮತ್ತೆ ಇಂಡೆಮ್ನಿಟಿ? ಬಿಡುವಾಗ ಎಷ್ಟು ಕೊಡ್ತೀರಿ? ಪ್ರೊಬೇಷನ್ ಎಷ್ಟು ತಿಂಗಳು?"

"ಮಮ್ಮಾ, ಇಟ್ಸ್ ಜಸ್ಟ್ ವಾಲಿಬಾಲ್!" ಎಂದಳು ಮಗಳು.

"ನೀನು ಸುಮ್ಮನಿರು. ನಾನೂ ಜಸ್ಟ್ ನರ್ಸ್ ಅಂತಲೇ ಬಂದದ್ದು. ರೂಮ್ ಯಾರದ್ದು ಸರ್?"

"ಅವಳು ನಿಮ್ಮ ಮನೆಯಲ್ಲೇ ಇರುವುದಲ್ವಾ ಸಿಸ್ಟರ್?"

ಅವರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. "ಹೌದಲ್ಲ? ಹಾಗಾದ್ರೆ ಹೌಸ್ ಅಲವೆನ್ಸ್ ನನ್ನ ಹೆಸರಿಗೆ ಬರೀರಿ."

ಬೆರಳಚ್ಚು

ಎಚ್‌ಆರ್ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಮುದೀರ್ ಎನ್ನುತ್ತೇವೆ. ಅರಬಿಯಲ್ಲಿ ಮ್ಯಾನೇಜರ್. ಒಳ್ಳೆಯವರು; ನಿಯಮವನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡವರು. ಅವರ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ನಮೂನೆಯ ಕರಾರು, ಕಚೇರಿ ಸಿಬ್ಬಂದಿಯದ್ದು. ಅದರಲ್ಲೇ ಹುದ್ದೆಯ ಜಾಗದಲ್ಲಿ ವಾಲಿಬಾಲ್ ಎಂದು ತುಂಬಿದರು. ಡೀನ್ ದೃಷ್ಟಿಯಲ್ಲಿ ಇದು ಸ್ಟೈಪೆಂಡ್. ಮುದೀರ್ ದೃಷ್ಟಿಯಲ್ಲಿ ಡ್ಯೂಟಿ. ಡ್ಯೂಟಿ ಎಂದಮೇಲೆ ಬೆರಳಚ್ಚಿನ ಹಾಜರಾತಿ. ಎರಡು ಗಂಟೆಗೆ ಒಳಗೆ ಪಂಚ್, ಆರಕ್ಕೆ ಹೊರಗೆ ಪಂಚ್. ಆರೂ ಕಾಲು ದಾಟಿದರೆ ಆ ದಿನ ಗೈರುಹಾಜರಿ.

ಅಂತರ ಕಾಲೇಜು ಕಪ್ಪಿನ ಸೆಮಿಫೈನಲ್ ದಿನ ಪಂದ್ಯ ಎಳೆಯಿತು. ಕೊನೆಯ ಸೆಟ್, ಇನ್ನೊಂದೇ ಪಾಯಿಂಟ್. ಗೋಡೆಯ ಗಡಿಯಾರದಲ್ಲಿ ಆರು ಹತ್ತು. ಕ್ಯಾಪ್ಟನ್ ಟೈಮ್‌ಔಟ್ ಕೇಳಿದಳು. ಕೋಚ್ ತಂತ್ರ ಹೇಳಲು ಬಾಯಿ ತೆರೆದರು. ಎದುರಿಗೆ ಯಾರೂ ಇರಲಿಲ್ಲ. ಹನ್ನೆರಡು ಮಂದಿಯೂ ಆಡಳಿತ ಕಟ್ಟಡದ ಕಡೆ ಓಡುತ್ತಿದ್ದರು.

ಅವರು ಓಡಿದ ರಭಸ ನೋಡಿ ಬೆಂಕಿ ಬಿದ್ದಿದೆ ಎಂದುಕೊಂಡು ಎದುರಾಳಿ ತಂಡವೂ ಹಿಂದೆಯೇ ಓಡಿತು. ಅವರ ಹಿಂದೆ ತಾಯಂದಿರು. ತಾಯಂದಿರ ಹಿಂದೆ ಬೆಕ್ಕು. ರೆಫರಿ ಒಬ್ಬರೇ ನಿಂತು ನಿಯಮ ಪುಸ್ತಕ ತಿರುವಿದರು. ಇಂಥದ್ದು ಅದರಲ್ಲಿ ಇರಲಿಲ್ಲ.

"ಇವರು ಕೋರ್ಟಿನಲ್ಲಿ ಒಮ್ಮೆಯಾದ್ರೂ ಹೀಗೆ ಓಡಿದ್ದುಂಟಾ ಮಾರಾಯ್ರೆ?" ಎಂದರು ಕೋಚ್.

ಎಲ್ಲರೂ ಏದುಸಿರು ಬಿಡುತ್ತ ವಾಪಸಾದರು. ನಮ್ಮ ನರ್ಸಮ್ಮನ ಮಗಳು ಒಂದೇ ಏಟಿಗೆ ಪಂದ್ಯ ಮುಗಿಸಿದಳು. ಫೈನಲ್ ತಲುಪಿದೆವು. ಮರುದಿನ ಗೊತ್ತಾಯಿತು, ಬೆವರಿದ ಬೆರಳನ್ನು ಯಂತ್ರ ಗುರುತಿಸಿರಲಿಲ್ಲ. ಕಾಲೇಜಿನ ದಾಖಲೆಯ ಪ್ರಕಾರ ಆ ಪಂದ್ಯ ಗೆದ್ದ ದಿನ ನಮ್ಮ ತಂಡ ಬಂದೇ ಇರಲಿಲ್ಲ.

ಸೌತೆಕಾಯಿಯ ಮೇಲೆ ಮುಖ

ಸೆಮಿಫೈನಲ್ ಗೆದ್ದಮೇಲೆ ಜಾಹೀರಾತು ಬಂತು. ಅಮೆರಿಕದ ಹುಡುಗರು ತಮ್ಮ ಹೆಸರು, ಮುಖ ಬಳಸಲು ಬಿಟ್ಟು ಬೂಟಿನ ಕಂಪನಿಯಿಂದ, ಕಾರಿನ ಕಂಪನಿಯಿಂದ ದುಡ್ಡು ಪಡೆಯುತ್ತಾರಂತೆ. ನಮ್ಮ ಹುಡುಗಿಯನ್ನು ಹುಡುಕಿಕೊಂಡು ಬಂದವರು ವಫ್ರಾದ ಒಬ್ಬ ತೋಟದ ಯಜಮಾನರು. ಸ್ಮ್ಯಾಶ್ ಹೊಡೆಯುವ ಅವಳ ಚಿತ್ರ ಸೌತೆಕಾಯಿ ಪೆಟ್ಟಿಗೆಯ ಮೇಲೆ ಅಚ್ಚಾಯಿತು. ಸಂಭಾವನೆ ವಾರಕ್ಕೆ ಆರು ಪೆಟ್ಟಿಗೆ ಸೌತೆಕಾಯಿ.

ಮೂರನೆಯ ವಾರ ತಾಯಿ ನನಗೆ ಫೋನ್ ಮಾಡಿದರು.

"ಸರ್, ಇದು ಮಂಗಳೂರು ಸೌತೆ ಆಗಿದ್ರೆ ಸಾಂಬಾರಿಗಾದ್ರೂ ಆಗ್ತಿತ್ತು. ಈ ಬೆರಳುದ್ದದ್ದನ್ನು ಎಂತ ಮಾಡುವುದು? ಫ್ರಿಜ್ಜಿನಲ್ಲಿ ಜಾಗ ಇಲ್ಲ. ಬಾಗಿಲು ತೆಗೆದರೆ ಮಗಳೇ ನನ್ನನ್ನು ಹೊಡೆಯಲು ಬಂದ ಹಾಗೆ ಕಾಣ್ತದೆ."

"ಅಕ್ಕಪಕ್ಕದವರಿಗೆ ಹಂಚಿ ಸಿಸ್ಟರ್."

ಹಂಚಿದರು. ಇಂದಿಗೂ ಫಹಾಹೀಲ್‌ನ ಅವರ ಕಟ್ಟಡದಲ್ಲಿ ಲಿಫ್ಟಿನೊಳಗೆ ಅವರು ಕಂಡರೆ ಜನ ಏಳನೆಯ ಮಹಡಿಗೂ ಮೆಟ್ಟಿಲು ಹಿಡಿಯುತ್ತಾರೆ.

ರಿಲೀಸ್ ಪತ್ರ

ಫೈನಲಿಗೆ ಎರಡು ವಾರ ಇರುವಾಗ ಇನ್ನೊಂದು ಕಾಲೇಜು ಬಲೆ ಬೀಸಿತು. ಅವಳು ಕೂಡಲೇ ಅವರಲ್ಲಿ ಸೇರಿದರೆ ಸ್ಟೈಪೆಂಡ್ ಎರಡರಷ್ಟು, ಮೇಲೊಂದು ಕಾರು. ಅಮೆರಿಕದಲ್ಲಿ ಆಟಗಾರರು ಹೀಗೆಯೇ ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ ಎಂದು ಡೀನ್ ಹೆಮ್ಮೆಯಿಂದಲೇ ಹೇಳಿದರು. ಕೋಚ್ ಮುಖ ಬಿಳಿಚಿಕೊಂಡಿತು. ತಾಯಿ ಮಾತ್ರ ಅಪ್ಪಟ ಗಲ್ಫ್ ಪ್ರಶ್ನೆ ಕೇಳಿದರು: "ರಿಲೀಸ್ ಕೊಡ್ತೀರಾ ಸರ್?" ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ರಿಲೀಸ್ ಕೊಡದೆ ಇಲ್ಲಿ ಯಾರೂ ಕೆಲಸ ಬದಲಿಸಲಾರರು, ಇಪ್ಪತ್ತೆರಡು ವರ್ಷದ ಪಾಠ.

ಆ ಸಂಜೆಯೇ ಕೋಚ್ ನನ್ನನ್ನು ಎಳೆದುಕೊಂಡು ಫಹಾಹೀಲ್‌ಗೆ ಹೋದರು. ಕೈಯಲ್ಲಿ ಹಲ್ವಾ, ಡಿಕ್ಕಿಯಲ್ಲಿ ನಾಲ್ಕು ಹೊಸ ಟೈರ್.

"ಅವರು ಕಾರೇ ಕೊಡ್ತಾರಂತೆ ಭಾಯಿ. ನೀವು ಟೈರ್ ತಂದಿದ್ದೀರಲ್ಲ?" ಎಂದರು ತಾಯಿ.

"ಕಾರು ಯಾರು ಬೇಕಾದ್ರೂ ಕೊಡ್ತಾರೆ ಸಿಸ್ಟರ್. ಅಸಲಿ ಜಪಾನ್ ಟೈರ್ ಯಾರು ಕೊಡ್ತಾರೆ? ನನಗೆ ಒಂದು ಕಪ್ ಸಾಕು. ಶೆಲ್ಫಿನ ಟ್ಯೂಬ್‌ಲೈಟೇ ಮೂರು ಸಲ ಹೋಯ್ತು."

ಮಗಳು ಕೋಚನ್ನೇ ನೋಡುತ್ತಿದ್ದಳು. ತಾಯಿ ಕರಾರು ಪತ್ರ ತಂದು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು.

"ಹೋಗುವುದು ಬೇಡ. ಇಲ್ಲಿ ಎಂಟು ತಿಂಗಳ ಸರ್ವಿಸ್ ಆಗಿದೆ. ಅಲ್ಲಿ ಮತ್ತೆ ಪ್ರೊಬೇಷನ್‌ನಿಂದ ಶುರು."

ಕೋಚ್ ಕಣ್ಣೊರೆಸಿಕೊಂಡರು. ನಾವು ಹೊರಟಾಗ ತಾಯಿ ಬಾಗಿಲವರೆಗೂ ಬಂದರು. "ಟೈರ್ ಇಳಿಸಿ ಹೋಗಿ ಭಾಯಿ. ಮತ್ತೆ, ಖಾಲಿ ಕೈಯಲ್ಲಿ ಹೋಗಬಾರದು." ಒಳಗಿನಿಂದ ಎರಡು ಪೆಟ್ಟಿಗೆ ಸೌತೆಕಾಯಿ ಬಂತು.

ಇಷ್ಟಕ್ಕೆ ಕೋಡ್ ಇಲ್ಲ

ಫೈನಲ್ ನಮ್ಮ ಕಾಲೇಜಿನಲ್ಲೇ. ಪಂದ್ಯಕ್ಕೆ ಒಂದು ಗಂಟೆ ಮೊದಲು ಅವಳ ಕಾರ್ಡಿಗೆ ಗೇಟು ತೆರೆಯಲಿಲ್ಲ. ನಾನೂ ಕೋಚೂ ಮುದೀರ್ ಬಳಿಗೆ ಓಡಿದೆವು.

"ಅವಳು ರಜೆಯಲ್ಲಿದ್ದಾಳೆ," ಎಂದರು ಮುದೀರ್. "ಸೆಮಿಸ್ಟರ್ ಮುಗಿಯುವುದರೊಳಗೆ ತೆಗೆಯಬೇಕಾದ ರಜೆಯನ್ನು ಉಳಿದವರೆಲ್ಲ ತೆಗೆದರು, ಇವಳೊಬ್ಬಳು ತೆಗೆದುಕೊಂಡಿರಲಿಲ್ಲ. ಸಿಸ್ಟಂ ತಾನಾಗಿಯೇ ಕೊಟ್ಟಿದೆ. ಇವತ್ತಿನಿಂದ ಎರಡು ವಾರ."

"ಅವಳು ಕೆಲಸ ಮಾಡುವುದಲ್ಲ, ಆಡುವುದು!" ಎಂದರು ಕೋಚ್.

"ಸಂಬಳ ಇದೆಯಲ್ಲ? ಸಂಬಳ ಇದ್ದರೆ ಕೆಲಸ. ರಜೆಯಲ್ಲಿ ಕೆಲಸ ಮಾಡಿಸಿದರೆ ತಪ್ಪು. ಖಲಾಸ್."

ನಾನು ಕೇಳಿದೆ, "ಅವಳು ಸಂಬಳವಿಲ್ಲದೆ ಆಡಿದರೆ?"

ಮುದೀರ್ ಒಂದು ಖಾಲಿ ಕಾಗದ ಮುಂದೆ ತಳ್ಳಿ, ಬರೆದು ಕೊಡಲಿ ಎಂದರು. ಹುಡುಗಿ ಗೇಟಿನ ಬಳಿಯೇ ನಿಂತು ಬರೆದಳು: "ನಾನು ಇಂದು ಯಾವ ಪ್ರತಿಫಲವೂ ಇಲ್ಲದೆ, ಇಷ್ಟಪಟ್ಟು ಆಡುತ್ತಿದ್ದೇನೆ." ಪಕ್ಕದಲ್ಲಿದ್ದ ತಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಫ್ರೀ ಡ್ಯೂಟಿ ಮಾಡಿದವಳಲ್ಲ ನಾನು. ನನ್ನ ಹೊಟ್ಟೆಯಲ್ಲಿ ಇವಳು ಹೇಗೆ ಹುಟ್ಟಿದಳು?"

ಮುದೀರ್ ಕಾಗದವನ್ನು ಎರಡೆರಡು ಸಲ ಓದಿದರು. "ಇಷ್ಟಪಟ್ಟು? ಇದಕ್ಕೆ ಸಿಸ್ಟಂನಲ್ಲಿ ಕೋಡ್ ಇಲ್ಲ." ಕೊನೆಗೆ ಸಂದರ್ಶಕರ ಚೀಟಿ ಕೊಟ್ಟು ಒಳಗೆ ಬಿಟ್ಟರು. ಗೇಟಿನ ಪುಸ್ತಕದಲ್ಲಿ 'ಯಾರನ್ನು ಕಾಣಲು' ಎಂಬಲ್ಲಿ ಅವಳು ಬರೆದದ್ದು: ಎದುರಾಳಿ ತಂಡದ ಕ್ಯಾಪ್ಟನ್.

ಅವರನ್ನು ಚೆನ್ನಾಗಿಯೇ ಕಂಡಳು. ನೇರ ಮೂರು ಸೆಟ್‌ಗಳಲ್ಲಿ ಗೆದ್ದೆವು, ಆರಕ್ಕೆ ಮೊದಲೇ. ಉಳಿದ ಹನ್ನೊಂದು ಮಂದಿ ಕೈ ಒರೆಸಿಕೊಂಡು ಪಂಚ್ ಮಾಡಿದರು.

ಹನ್ನೆರಡು ತಿಂಗಳು

ಕೋಚ್ ಶೆಲ್ಫಿನ ಗಾಜು ಒರೆಸಿ ಕಾದರು. ಕಪ್ ಬರಲಿಲ್ಲ. ಸಮಿತಿ ಕುಳಿತಿತ್ತು. ಆಟದಿಂದ ಬಂದದ್ದೆಲ್ಲ ಆದಾಯ. ಕಪ್ಪೂ ಆಟದಿಂದ ಬಂದದ್ದು. ಆದ್ದರಿಂದ ಅದನ್ನೂ ಹಂಚಬೇಕು. ಕತ್ತರಿಸಲು ಆಗದ್ದರಿಂದ ಹನ್ನೆರಡು ಆಟಗಾರ್ತಿಯರ ಮನೆಯಲ್ಲಿ ತಿಂಗಳಿಗೊಬ್ಬರಂತೆ ಇಡುವುದು ಎಂದು ತೀರ್ಮಾನವಾಯಿತು.

"ನನಗೆ?" ಎಂದರು ಕೋಚ್.

ಮುದೀರ್ ಕರುಣೆಯಿಂದ ಕ್ಯಾಲೆಂಡರ್ ನೋಡಿದರು. "ಫೆಬ್ರವರಿ ಇಪ್ಪತ್ತೊಂಬತ್ತು ಕೊಡಬಹುದು. ನಾಲ್ಕು ವರ್ಷಕ್ಕೊಮ್ಮೆ."

ಆಗ ನಾನು ಆ ಕಾಗದವನ್ನು ಮೇಜಿನ ಮೇಲಿಟ್ಟೆ. ಫೈನಲ್ ದಿನ ಅವಳು ಯಾವ ಪ್ರತಿಫಲವೂ ಇಲ್ಲದೆ ಆಡಿದವಳು. ನಿಯಮದಂತೆ ಅವಳಿಗೆ ಪಾಲಿಲ್ಲ. ಹನ್ನೊಂದು ಮಂದಿ, ಹನ್ನೊಂದು ತಿಂಗಳು. ಒಂದು ತಿಂಗಳು ಯಾರದ್ದೂ ಅಲ್ಲ. ಮುದೀರ್ ಮೂರು ಸಲ ಕೂಡಿ ಕಳೆದು ಅದನ್ನು ಕೋಚ್ ಹೆಸರಿಗೆ ಬರೆಯಲು ಒಪ್ಪಿಕೊಂಡರು. ಹುಡುಗಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಕಾಗದ ಬರೆಯುವಾಗಲೇ ಇದು ಅವಳಿಗೆ ಹೊಳೆದಿತ್ತೋ ಏನೋ, ನರ್ಸಮ್ಮನ ಮಗಳಲ್ಲವೇ?

ಉಳಿದ ತಿಂಗಳು ಆಗಸ್ಟ್. ಆಗಸ್ಟಿನ ಕುವೈತಿನಲ್ಲಿ ಟೈರೂ ಕರಗುತ್ತದೆ. ಕೋಚ್ ವರ್ಷ ವರ್ಷ ಆ ತಿಂಗಳು ಊರಲ್ಲಿರುತ್ತಾರೆ. ಈ ಸಲ ಟಿಕೆಟ್ ಕ್ಯಾನ್ಸಲ್ ಮಾಡಿದರು. ಕಪ್ ಶೆಲ್ಫ್ ಏರಿತು. ಹೊಸ ಟ್ಯೂಬ್‌ಲೈಟ್ ಉರಿಯಿತು. ಕೋಚ್ ಎದುರಿಗೆ ಕುರ್ಚಿ ಹಾಕಿ ಕುಳಿತು, ಬಾಗಿಲು ತೆರೆದು ಬರುವ ಮೊದಲ ಮನುಷ್ಯ "ಇದೇನು?" ಎಂದು ಕೇಳುವುದನ್ನೇ ಕಾದರು. ಆರು ವರ್ಷದ ಉತ್ತರ ನಾಲಗೆಯ ತುದಿಯಲ್ಲಿತ್ತು.

ಮೊದಲ ಗಿರಾಕಿ ಬಂದರು. ಬೆವರು ಒರೆಸಿಕೊಂಡರು. ಕಪ್ಪನ್ನು ಮೇಲಿಂದ ಕೆಳಗೆ ನೋಡಿದರು.

"ಭಾಯಿ, ನಾಲ್ಕು ಟೈರ್ ಹಾಕಿಸಿದರೆ ಇದು ಫ್ರೀಯಾ?"