ಹೆಂಡತಿಯ ಮೇಲೇ ಕೇಸು ಹಾಕಿದ ಮಾವ

ನಮ್ಮ ಸೋದರಮಾವನಂಥ ನಿಷ್ಠಾವಂತ ಸರ್ಕಾರಿ ನೌಕರ ಇಡೀ ಸಂಡೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಅವನ ಹೆಂಡತಿಯನ್ನು ದೇವರೇ ಕಾಪಾಡಬೇಕು! ಮಾವ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದರು. ಸಂಡೂರಿನ ಗುಡ್ಡ ಕಾಯುವುದು ಅವರ ಕೆಲಸ. ಯಾರಿಂದ ಕಾಯುವುದು? ಅದನ್ನು ಮಾತ್ರ ಸರ್ಕಾರ ಆಗಾಗ ಬದಲಿಸುತ್ತಿತ್ತು. ಮಾವ ಪ್ರತಿ ಸಲವೂ ಹೊಸ ಆದೇಶವನ್ನು ಹಳೆಯದರಷ್ಟೇ ಭಕ್ತಿಯಿಂದ ನಂಬುತ್ತಿದ್ದರು. ಅವರ ತಿಕ್ಕಲುತನವೆಲ್ಲ ಇಷ್ಟೇ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಾಡಿನ ಶತ್ರುಗಳೆಂದರೆ ಊರವರು. ಮರ ಕಡಿದು ಸಾಗಿಸುವ ಗುತ್ತಿಗೆದಾರನಿಗೆ ಸಲಾಮು, ಒಣಕಟ್ಟಿಗೆ ಆಯುವವಳಿಗೆ ಕೇಸು! ಒಂದು ಸಂಜೆ ಗುಡ್ಡದಿಂದ ಹೊರೆ ಹೊತ್ತು ಇಳಿಯುತ್ತಿದ್ದ ಹೆಂಗಸರ ಸಾಲನ್ನು ಮಾವ ಅಡ್ಡಗಟ್ಟಿದರು. ಕೊನೆಯ ಹೊರೆಯ ಕೆಳಗೆ ನಮ್ಮ ಅತ್ತೆ!

"ಇಳಸು ಹೊರಿ," ಎಂದರು ಮಾವ.

"ಒಲಿ ಹಚ್ಚಾಕ ಮನ್ಯಾಗ ಒಂದು ಕಡ್ಡಿ ಇಲ್ಲ. ನಿಮಗ ರೊಟ್ಟಿ ಬ್ಯಾಡೇನು?"

"ರೊಟ್ಟಿನೂ ಬೇಕು, ಕಾಯ್ದೆನೂ ಬೇಕು."

ಹೊರೆ ಜಪ್ತಿಯಾಯಿತು. ಕೇಸೂ ದಾಖಲಾಯಿತು. ಆರೋಪಿಯ ಗಂಡನ ಹೆಸರಿನ ಜಾಗದಲ್ಲಿ ಮಾವ ತಮ್ಮ ಹೆಸರನ್ನು ದುಂಡಗೆ ಬರೆದರಂತೆ. ಆ ದಿನ ಅವರು ಉಂಡದ್ದು ಪಕ್ಕದ ಮನೆಯಲ್ಲಿ. ಪಕ್ಕದ ಮನೆಯ ಒಲೆಗೆ ಕಟ್ಟಿಗೆ ಎಲ್ಲಿಂದ ಬಂದಿತ್ತೆಂದು ನೀವು ಕೇಳಬೇಡಿ, ಮಾವನೂ ಕೇಳಲಿಲ್ಲ!

ಕೆಲವು ವರ್ಷಗಳ ಮೇಲೆ ಸರ್ಕಾರಕ್ಕೆ ಜ್ಞಾನೋದಯವಾಯಿತು. ಊರವರನ್ನು ಬಿಟ್ಟು ಕಾಡು ಉಳಿಯದು, ಊರೂರಿಗೆ ಗ್ರಾಮ ಅರಣ್ಯ ಸಮಿತಿ ಆಗಲಿ ಎಂದು ಆದೇಶ ಬಂತು. ತಾವೇ ಅಟ್ಟಾಡಿಸಿದ ಹೆಂಗಸರನ್ನು ಮಾವ ಮನೆಮನೆಗೆ ಹೋಗಿ ಕರೆದರು. "ಬರ್ರಿ, ಕುಂದ್ರಿ, ಚಾ ಕುಡೀರಿ. ಗುಡ್ಡ ನಿಮ್ಮದ ಐತಿ!" ಹೆಂಗಸರೇನು ಕಡಿಮೆಯೇ? ಹಳೆಯ ಆರೋಪಿಯನ್ನೇ ಅಧ್ಯಕ್ಷೆ ಮಾಡಿ ಕೂರಿಸಿದರು!

ಸಭೆಯಲ್ಲಿ ಮಾವ ಗೋಡೆಗೆ ಒತ್ತಿ ನಿಂತು, "ಅಧ್ಯಕ್ಷರ ಅಪ್ಪಣಿ ಆದ್ರ ಚಾಲೂ ಮಾಡ್ತೀನ್ರಿ," ಎನ್ನುತ್ತಿದ್ದರು.

"ಮೊದಲು ಎಲ್ಲಾರಿಗೂ ಚಾ ಕೊಡ್ರಿ," ಎನ್ನುತ್ತಿದ್ದರು ಅತ್ತೆ.

ಅವರ ಸಂಸಾರದಲ್ಲಿ ಸುಖದ ಕಾಲವೆಂದರೆ ಅದೇ. ಗುಡ್ಡದ ಬೋಳು ಇಳಿಜಾರಿನಲ್ಲಿ ಹೆಂಗಸರು ಬೇವು, ಹೊಂಗೆ, ಕಮರ ನೆಟ್ಟು ಸರದಿಯ ಮೇಲೆ ಕಾದರು. ಗುಡ್ಡ ಹಸಿರಾಯಿತು. ಮಾವ ಬಂದವರನ್ನೆಲ್ಲ ಎಳೆದೊಯ್ದು, ಮಗಳ ಮದುವೆ ಮಂಟಪ ತೋರಿಸುವವರಂತೆ ಅದನ್ನು ತೋರಿಸುತ್ತಿದ್ದರು.

ಆಮೇಲೆ ಆ ಇಳಿಜಾರಿನ ಕೆಳಗೆ ಅದಿರಿದೆ ಎಂದು ಯಾರಿಗೋ ನೆನಪಾಯಿತು. ಮಾವನನ್ನು ಚೆಕ್‌ಪೋಸ್ಟಿಗೆ ಹಾಕಿದರು. ಕೆಂಪು ಧೂಳೆಬ್ಬಿಸುತ್ತ ಲಾರಿಗಳು ಇಳಿದವು. ಮೊದಲ ದಿನವೇ ಅತ್ತೆ ಸಮಿತಿಯ ಹೆಂಗಸರೊಂದಿಗೆ ಅಡ್ಡ ನಿಂತರು.

"ಗುಡ್ಡ ನಮ್ಮದು ಅಂದಿದ್ರಿ. ನಮಗ ಒಂದು ಮಾತು ಕೇಳಿದ್ರೇನು?"

"ಲಾರಿಗೆ ಪರ್ಮಿಟ್ ಐತಿ," ಎಂದರು ಮಾವ.

"ಗುಡ್ಡಕ್ಕ?"

ಮಾವ ಅಡ್ಡಗಂಬ ಎತ್ತಿದರು.

ಆ ವರ್ಷವಿಡೀ ಅತ್ತೆ ಅವರೊಂದಿಗೆ ಮಾತಾಡಲಿಲ್ಲ. ಖಾಕಿ ಅಂಗಿ ಎಷ್ಟು ಸಲ ಒಗೆದರೂ ಕೆಂಪಗೇ ಇರುತ್ತಿತ್ತು; ಒಗೆದು, ಒಣಗಿಸಿ, ಮಡಚಿ, ಮಾತಿಲ್ಲದೆ ಇಟ್ಟುಬಿಡುತ್ತಿದ್ದರು. ಬೈದಿದ್ದರೆ ಮಾವ ಬದುಕಿಕೊಳ್ಳುತ್ತಿದ್ದರೋ ಏನೋ! ನಾನು ಹೋದಾಗ ನನ್ನನ್ನು ಮಧ್ಯೆ ಕೂರಿಸಿಕೊಂಡು, "ಅಳಿಯಾ, ನಿಮ್ಮ ಅತ್ತೀನ ಉಪ್ಪು ಕೇಳು," ಎನ್ನುತ್ತಿದ್ದರು. ಉಪ್ಪು ಅವರ ಕೈಗೇ ಎಟಕುವಂತಿತ್ತು.

ಮುಂದೆ ಕೋರ್ಟು ಗಣಿ ನಿಲ್ಲಿಸಿತು. ಅಷ್ಟು ಹೊತ್ತಿಗೆ ಇಳಿಜಾರು ಗುಂಡಿಯಾಗಿತ್ತು. ಕಡಿದ ಕಾಡಿಗೆ ಬದಲಾಗಿ ಬೇರೆ ಕಡೆ ಗಿಡ ನೆಡುವ ಹೊಸ ಪದ್ಧತಿ ಬಂತು. ನಿವೃತ್ತರಾದ ಮೇಲೆ ಮಾವ ಆ ಬದಲಿ ಕಾಡು ನೋಡಲು ನನ್ನನ್ನು ಗಾದಿಗನೂರಿನ ಕಡೆ ಕರೆದೊಯ್ದರು. ಕಲ್ಲು ಬಯಲು, ಒಂದು ದೊಡ್ಡ ಬೋರ್ಡು, ಒಣಗಿದ ಕಡ್ಡಿಗಳು. ಬೋರ್ಡು ಮಾತ್ರ ಸೊಂಪಾಗಿತ್ತು.

"ಲೆಕ್ಕ ಸರಿ ಐತಿ ಅಳಿಯಾ," ಎಂದರು. "ಗುಡ್ಡದ ಕರಡಿಗೆ ಇಲ್ಲಿಗೆ ಬರಾಕ ಯಾವ ಬಸ್ ಹತ್ತಬೇಕಂತ ಹೇಳಬೇಕಷ್ಟ."

ಮಾವ ಸರ್ಕಾರದ ಬಗ್ಗೆ ಕೊಂಕು ಆಡಿದ್ದನ್ನು ಅದೇ ಮೊದಲ ಸಲ ಕೇಳಿದೆ. ನಗಬೇಕಿತ್ತು, ನಗು ಬರಲಿಲ್ಲ.

ಈಗ ಗುಡ್ಡದಲ್ಲಿ ಬೆಂಕಿ ಬಿದ್ದರೆ ಆಕಾಶದ ಉಪಗ್ರಹ ಕಂಡುಹಿಡಿದು ಗಾರ್ಡುಗಳ ಮೊಬೈಲಿಗೆ ತಿಳಿಸುತ್ತದೆ. ಎಂಥ ಪ್ರಗತಿ ನೋಡಿ! ನಾನು ಹೊಗಳಿದಾಗ ಮಾವ ಹೇಳಿದ್ದು ಇಷ್ಟೇ: "ಕಣ್ಣು ಭಾಳ ಚುರುಕು. ಆರಸಾಕ ಕೈ ಬೇಕಲ್ಲಪಾ."

ಹೋದ ಬೇಸಿಗೆಯಲ್ಲಿ, ಉಳಿದಿದ್ದ ಒಂದಿಷ್ಟು ಕಾಡಿಗೂ ಬೆಂಕಿ ಬಿತ್ತು. ಗಾರ್ಡುಗಳು ಮೂವರೋ ನಾಲ್ವರೋ ಇದ್ದರು. ಮಾವ ಹಸಿ ಸೊಪ್ಪಿನ ಟೊಂಗೆ ಹಿಡಿದು ಬೆಂಕಿ ಬಡಿಯಲು ನುಗ್ಗಿದರು. ಮರುದಿನ ನಾನು ಹೊಸಪೇಟೆಯ ಆಸ್ಪತ್ರೆಗೆ ಹೋದಾಗ ಎರಡೂ ಕೈಗೆ ಬ್ಯಾಂಡೇಜು ಸುತ್ತಿತ್ತು. ಅತ್ತೆ ಅನ್ನ ಕಲಸಿ ತುತ್ತಿಡುತ್ತಿದ್ದರು.

"ನಿಮ್ಮನ್ನ ಯಾರು ಕರದಿದ್ರು ಮಾವ? ರಿಟೈರ್ ಆದವರಿಗೆ ಯಾಕ ಬೇಕಿತ್ತು?" ಎಂದು ಗದರಿದೆ.

ಮಾವ ನನ್ನ ಕಡೆ ನೋಡಲೇ ಇಲ್ಲ. ಅತ್ತೆಯನ್ನು ಕೇಳಿದರು: "ಆರೇತೇನು?"

ಅವರ ತಲೆಯ ಹಿಂದಿನ ಕಿಟಕಿಯಲ್ಲಿ ದೂರದ ಗುಡ್ಡದ ಸಾಲು ಕಾಣುತ್ತಿತ್ತು. ಹೊಗೆ ಇನ್ನೂ ಏಳುತ್ತಲೇ ಇತ್ತು.

"ಆರೇತಿ," ಎಂದರು ಅತ್ತೆ. "ನಮ್ಮ ಹೆಂಗಸ್ರೆಲ್ಲ ಹೋಗಿ ಆರಿಸ್ಯಾರ. ಉಣ್ರಿ ನೀವು."

ಮಾವ ಸಣ್ಣ ಮಗುವಿನ ಹಾಗೆ ಬಾಯಿ ತೆರೆದರು. ಅತ್ತೆ ತುತ್ತಿಟ್ಟು, "ಗಾಳಿ ಭಾಳ ಐತಿ," ಎನ್ನುತ್ತ ಎದ್ದು ಹೋಗಿ ಕಿಟಕಿ ಮುಚ್ಚಿದರು.